ಭಾನುವಾರ ಓದಬೇಕಾದ ಓಲೆ

…ಇದೇ ನೋಡಿ, ಮತ್ತೆ ಕೈ ಕಿಸೆಗೆ ಹೋಯಿತು. ಓದಲಿಕ್ಕೆ ಅಂತ ಯಾರು ಏನನ್ನು ಮುಂದೆ ಹಿಡಿದರೂ ನಿಮ್ಮ ಬಲಗೈ ಮೊದಲು ಎದೆಯ ಮೇಲಿನ ಕಿಸೆ ತಟ್ಟುತ್ತದೆ, ಆಮೇಲೆ ಜುಬ್ಬದ ಬದಿಯ ಕಿಸೆ, ಆಮೇಲೆ ಹೆಗಲಿನ ಚೀಲ. ಎಲ್ಲ ಆದ ಮೇಲೆ ತಲೆಯನ್ನು ಒಂದು ಬದಿಗೆ ವಾಲಿಸಿ, ಪಾಪದ ಮುಖ ಮಾಡಿ, "ಕನ್ನಡಕ ಮನೆಯಲ್ಲೇ ಉಳೀತು ಮಾರಾಯರೇ, ನೀವೇ ಓದಿ, ನಾನು ಕೇಳ್ತೇನೆ." ಸಭೆಯಲ್ಲಿ ನೋಡಿದ್ದೇನೆ, ಮದುವೆಮನೆಯಲ್ಲಿ ನೋಡಿದ್ದೇನೆ, ಇದೇ ವಾಚನಾಲಯದ ಕೆಳಗಿನ ಹಾಲಿನಲ್ಲಿ ನೋಡಿದ್ದೇನೆ. ಮೂಲೆಯಲ್ಲಿ ಕೂತವರಿಗೆ ಇಂಥದ್ದೆಲ್ಲ ಚೆನ್ನಾಗಿ ಕಾಣ್ತದೆ ಮಾಸ್ತರೇ. ನಾನು ಯಾವಾಗಲೂ ಮೂಲೆಯವಳು.

ಇವತ್ತು ಹುಡುಕಬೇಡಿ. ತಗೊಳ್ಳಿ, ಕನ್ನಡಕ. ನಿಮ್ಮದೇ. ತ್ಯಾಗಲಿಯಿಂದ ನಿಮ್ಮನ್ನು ಕರಕೊಂಡು ಬರಲಿಕ್ಕೆ ನಮ್ಮ ಜೀಪಿನ ಗನಿಯನ್ನು ಕಳಿಸಿದ್ದೆನಲ್ಲ, ಅವನಿಗೆ ಹೇಳಿಯೇ ಕಳಿಸಿದ್ದೆ. ಮಾಸ್ತರು ಜೀಪು ಹತ್ತಿ ಕೂತ ಮೇಲೆ ಸೊಸೆಯ ಹತ್ತಿರ ಕನ್ನಡಕ ಕೇಳಿ ಇಸಕೋ, ಅವರ ಕೈಗೆ ಕೊಡಬೇಡ, ನನಗೆ ತಂದು ಕೊಡು ಅಂತ. ಎಂತ, ಸಿಟ್ಟು ಬಂತಾ? ಗನಿಗೆ ಬೈಯಬೇಡಿ. ಅವನಿಗೆ ಇದರಲ್ಲಿ ಏನೂ ಗೊತ್ತಿಲ್ಲ. ಮಾಸ್ತರಿಗೆ ಮರೆವು ಜಾಸ್ತಿ ಆಗಿದೆ, ಅಷ್ಟೇ ಅಂದಿದ್ದೆ.

ಕೂತುಕೊಳ್ಳಿ. ಆ ಕುರ್ಚಿ ಬೇಡ, ಕಾಲು ಅಲ್ಲಾಡ್ತದೆ. ಇಲ್ಲಿ, ಕಂಪ್ಯೂಟರಿನ ಎದುರು ಕೂತುಕೊಳ್ಳಿ. ಕೆಳಗೆ ರಸ್ತೆಬದಿಯ ಟೈರಿನ ಅಂಗಡಿಯವನ ಗದ್ದಲ ಸ್ವಲ್ಪ ಇರ್ತದೆ, ರೂಢಿಯಾಗ್ತದೆ. ಚಹಾ ಹೇಳಿದ್ದೇನೆ. ಬೇಡ ಅಂದರೂ ಬರ್ತದೆ.

ಫೋನಿನಲ್ಲಿ ಎಂತ ಅಂದಿರಿ ನಿನ್ನೆ? "ಕಾರ್ಡು ಬಂತು. ಆ ವಿಷಯ ಸ್ವಲ್ಪ ಮಾತಾಡುವುದುಂಟು." ಅಷ್ಟೇ ಹೇಳಿ ಇಟ್ಟುಬಿಟ್ಟಿರಿ. ನಾನು ಫೋನು ಕೈಯಲ್ಲಿ ಹಿಡಕೊಂಡೇ ನಕ್ಕೆ. ಮಾತಾಡುವುದು ಇದ್ದೇ ಇರ್ತದೆ ಅಂತ ಗೊತ್ತಿತ್ತು ನನಗೆ. ಕಾರ್ಡು ಬರೆದವಳೇ ನಾನಲ್ಲವಾ. ಭಾನುವಾರ ಬೆಳಿಗ್ಗೆ ಡಿಜಿಟಲ್ ಓಲೆ ಭಂಡಾರದ ಉದ್ಘಾಟನೆ, ಬೆಂಗಳೂರಿನ ಅತಿಥಿಗಳು, ನಿಮಗೆ ಶಾಲು, ಹಾರ, ಫಲತಾಂಬೂಲ. ಅಲ್ಲಿಯವರೆಗೆ ನಿಮಗೆ ತೊಂದರೆ ಇಲ್ಲ. ಅದರ ಕೆಳಗಿನ ಸಾಲು. "ತಿಗಳಾರಿ ಲಿಪಿತಜ್ಞ ರಘುಪತಿ ಮಾಸ್ತರರಿಂದ, ಪರದೆಯ ಮೇಲೆ ಮೂಡುವ ಓಲೆಗರಿಯ ವಾಚನ." ಆ ಸಾಲು ನೋಡಿ ನಿಮಗೆ ನಿದ್ದೆ ಹಾರಿಹೋಗಿರಬೇಕು.

ನಗ್ತೀರಾ? ನಗಿ. ಭಾನುವಾರದವರೆಗೆ ನಗಬಹುದು.

ಗಂಟಲು ಸರಿ ಇಲ್ಲ ಅಂತೀರೋ, ಆ ಕಡೆ ಯಾರೋ ಹೋಗಿಬಿಟ್ಟರು, ಸೂತಕ ಬಂತು ಅಂತೀರೋ, ಎಂತ ಹೇಳಿ ತಪ್ಪಿಸಿಕೊಳ್ತೀರಿ ಅಂತ ನೋಡಲಿಕ್ಕೆ ಕಾದಿದ್ದೆ ನಾನು. ತಪ್ಪಿಸಲಿಕ್ಕೆ ಆಗುವುದಿಲ್ಲ ಮಾಸ್ತರೇ. ಕಾರ್ಡು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆ ಹೋಗಿಯಾಯಿತು. ನಿಮ್ಮ ಊರಿನ ಬಸ್‌ಸ್ಟಾಪಿನ ಗೋಡೆಗೂ ಅಂಟಿಸಿದ್ದಾನೆ ಗನಿ. ಬರುವಾಗ ನೋಡಿದಿರಾ?

ಸಭೆಗೆ ಬರುವವರಲ್ಲಿ ತಿಗಳಾರಿ ಗೊತ್ತಿರುವವರು ಯಾರೂ ಇಲ್ಲ, ಬಾಯಿಗೆ ಬಂದ ಶ್ಲೋಕ ಹೇಳಿ ಮುಗಿಸಿಬಿಡ್ತೇನೆ ಅಂತ ಎಣಿಸಿದಿರೋ ಏನೋ. ಹೌದು, ನಮ್ಮ ಕಡೆಯ ಮನೆಗಳಲ್ಲಿ ಇರುವ ಹಳೆಯ ಓಲೆ ಎಲ್ಲ ಆ ಲಿಪಿಯಲ್ಲೇ ಇರುವುದು, ಆದರೆ ಆ ಮನೆಯವರಿಗೇ ಅದರ ಒಂದಕ್ಷರ ಹತ್ತುವುದಿಲ್ಲ. ದಸರೆಗೆ ಅರಿಶಿನ ಕುಂಕುಮ ಹಚ್ಚಿ ಮತ್ತೆ ಕಟ್ಟಿ ಇಡುವುದು, ಅಷ್ಟೇ. ಆದರೆ ನಾನಿರ್ತೇನೆ, ವೇದಿಕೆಯ ಮೇಲೆ, ನಿಮ್ಮ ಪಕ್ಕದಲ್ಲೇ, ಕಂಪ್ಯೂಟರು ಹಿಡಕೊಂಡು. ತಪ್ಪಿದಲ್ಲೆಲ್ಲ ಮೈಕಿನಲ್ಲಿ ತಿದ್ದುತ್ತೇನೆ. ರಾಜೀವಿ ಅತ್ತೆ ನನಗೆ ಕಲಿಸಿದ್ದಾಳೆ. ಹಾಸ್ಟೆಲಿನಿಂದ ರಜೆಗೆ ಮನೆಗೆ ಹೋದಾಗೆಲ್ಲ ಒಲೆಯ ಬೂದಿ ನೆಲದ ಮೇಲೆ ಹರಡಿ, ಬೆರಳಿನಲ್ಲಿ ಬರೆದು ಬರೆದು ತೋರಿಸಿದ್ದಾಳೆ.

ಹ್ಞಾ. ಈಗ ನಗು ನಿಂತಿತು. ಆ ಹೆಸರು ಕೇಳಿದ ಮೇಲೆ ನಿಂತಿತು.

ನನಗೆ ಆಶ್ಚರ್ಯ ಯಾವುದಕ್ಕೆ ಗೊತ್ತಾ? ನಾನು ಈ ಪ್ರಾಜೆಕ್ಟಿಗೆ ಸೇರಿ ಎರಡು ವರ್ಷ ಆಗ್ತಾ ಬಂತು, ನೀವು ಸಮಿತಿಯ ಹಿರಿಯರು, ತಿಂಗಳಿಗೊಮ್ಮೆ ಬಂದು ಹೋಗುವವರು. ಇಸಳೂರಿನ ಸುಜಯಾ ಅಂದರೆ ಯಾರ ಮನೆಯ ಕೂಸು ಅಂತ ಒಂದು ದಿನವೂ ಕೇಳಲಿಲ್ಲವಲ್ಲ. ಊರಲ್ಲಿ ಯಾರೇ ಸಿಕ್ಕಲಿ, ಮನೆತನ, ಸೀಮೆ, ಅಜ್ಜನ ಹೆಸರು ಕೇಳದೆ ಬಿಡದವರು ನೀವು. ನನ್ನನ್ನು ಕೇಳಲಿಲ್ಲ. ಗೊತ್ತಿತ್ತು ಅಂತ ಅದರ ಅರ್ಥ. ಸಂದರ್ಶನದ ದಿನ ಅಧ್ಯಕ್ಷರ ಕಡೆ ತಿರುಗಿ ಹೇಳಿದಿರಿ, "ಕಾನ್ವೆಂಟಿನ ಕೂಸು, ಕನ್ನಡ ಅಂಕೆ ಬರ್ತದೋ ಕೇಳಿ ಒಮ್ಮೆ." ಎಲ್ಲರೂ ನಕ್ಕರು. ನಾನೂ ನಕ್ಕೆ. ನಮ್ಮಂಥವರು ನಗಬೇಕಾಗ್ತದೆ. ಆಮೇಲೆ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತು, ಆ ಮಾತಿಗೆ ಕೊಡಬೇಕಾದ ಉತ್ತರ ಹುಡುಕಿದೆ. ಮನೆ ಮುಟ್ಟುವಷ್ಟರಲ್ಲಿ ಸಿಕ್ಕಿತು. ಇವತ್ತು ಕೊಡ್ತಾ ಇದ್ದೇನೆ.

ಚಹಾ ಬಂತು. ಇಟ್ಟು ಹೋಗು ಮಾರಾಯ. ಹ್ಞೂ, ಬಾಗಿಲು ಮುಚ್ಚಿಕೊಂಡು ಹೋಗು.

ಕುಡೀರಿ. ವಿಷ ಹಾಕಿಲ್ಲ.

ನಿಮ್ಮ ಪುಸ್ತಕ ಇಲ್ಲೇ ಉಂಟು, ಈ ರ‍್ಯಾಕಿನಲ್ಲಿ. ಸಿದ್ದಾಪುರ ಸೀಮೆಯ ಮನೆಮನೆಯ ಓಲೆಕಟ್ಟುಗಳ ಸೂಚಿ. ಯಾರ ಮನೆಯಲ್ಲಿ ಯಾವ ಗ್ರಂಥ, ಎಷ್ಟು ಗರಿ, ಎಲ್ಲಿಂದ ಎಲ್ಲಿಯವರೆಗೆ, ಯಾವುದು ಹುಳ ತಿಂದದ್ದು, ಯಾವುದು ಅರ್ಧಕ್ಕೆ ನಿಂತದ್ದು. ಒಳ್ಳೆಯ ಪುಸ್ತಕ. ಸುಳ್ಳು ಹೇಳುವುದಿಲ್ಲ, ಇದಿಲ್ಲದೆ ನಮ್ಮ ಕೆಲಸವೇ ಇಲ್ಲ. ಇದನ್ನು ಹಿಡಕೊಂಡೇ ನಾನು ಮತ್ತು ಗನಿ ಮನೆಮನೆಗೆ ಹೋದದ್ದು, ಗರಿಗೆ ಹುಳ ಹಿಡಿಯದ ಹಾಗೆ ಮಜ್ಜಿಗೆಹುಲ್ಲಿನ ಎಣ್ಣೆ ಸವರಿ, ಕಪ್ಪು ಬಟ್ಟೆಯ ಮೇಲೆ ಮಲಗಿಸಿ, ಒಂದೊಂದೇ ಫೋಟೋ ತೆಗೆದದ್ದು. ಈಗ ಕಾಲ ಬೇರೆ. ಕ್ಯಾಮೆರಾ ತಂದಿದ್ದೇವೆ ಅಂದರೆ ಕಟ್ಟನ್ನು ಅವರೇ ಜಗುಲಿಗೆ ತಂದು ಕೊಡ್ತಾರೆ, ಇಂಟರ್ನೆಟ್ಟಿನಲ್ಲಿ ಬರ್ತದಾ ಅಂತ ಕೇಳ್ತಾರೆ.

ಆವಾಗ ಹಾಗಿತ್ತಾ?

ಕಟ್ಟು ಇರ್ತಾ ಇದ್ದದ್ದು ಅಡುಗೆಮನೆ ದಾಟಿ ದೇವರ ಕೋಣೆಯಲ್ಲಿ. ಹೊರಗಿನ ಗಂಡಸು ಅಲ್ಲಿಗೆ ಕಾಲಿಡುವ ಹಾಗಿರಲಿಲ್ಲ. ಕಟ್ಟು ಹೊಸಿಲು ದಾಟಿ ಹೊರಗೆ ಬರುವ ಹಾಗಿರಲಿಲ್ಲ. ಮುಟ್ಟುವವರು ಸ್ನಾನ ಮಾಡಿ ಮಡಿಯುಟ್ಟು ಮುಟ್ಟಬೇಕು. ಹಾಗಾದರೆ ಜಗುಲಿಯ ಮೇಲೆ ಕಾಲು ಚಾಚಿ ಕೂತ ರಘುಪತಿ ಮಾಸ್ತರರು ಒಳಗಿನ ಓಲೆಯನ್ನು ಓದಿದ್ದು ಹೇಗೆ? ಗೋಡೆ ತೂರಿ ಹೋಗುವ ಕಣ್ಣಾ ನಿಮ್ಮದು?

ಹೇಳಬೇಡಿ, ನಾನೇ ಹೇಳ್ತೇನೆ. ನೀವು ಹೋದಲ್ಲೆಲ್ಲ ನನ್ನ ಅತ್ತೆ ಬಂದಳು. ಅಪ್ಪನ ಅಕ್ಕ, ಮದುವೆಯಾಗದೆ ಮನೆಯಲ್ಲೇ ಉಳಿದವಳು, ಅವಳ ಅಪ್ಪನಿಂದ ತಿಗಳಾರಿ ಕಲಿತವಳು. ಯಾರ ಮನೆಗೆ ಹೋದರೂ ಬಾವಿಯ ಹತ್ತಿರ ನೀರು ಹೊಯ್ದುಕೊಂಡು, ಆ ಮನೆಯವರು ಕೊಟ್ಟ ಮಡಿಸೀರೆ ಸುತ್ತಿಕೊಂಡು ಒಳಗೆ ಕೂರುವುದು ಅವಳು. ದೀಪ ಹತ್ತಿರ ಎಳಕೊಂಡು ಗರಿ ಮಗುಚುವುದು ಅವಳು. ಮಡಿಯಲ್ಲಿದ್ದಾಗ ಕಾಗದ ಮುಟ್ಟುವ ಹಾಗಿಲ್ಲ, ಪೆನ್ನು ಮುಟ್ಟುವ ಹಾಗಿಲ್ಲ. ಹಾಗಾಗಿ ಅವಳು ಒಳಗಿಂದ ಕೂಗಿ ಹೇಳುವುದು, ನೀವು ಹೊರಗೆ ಬರಕೊಳ್ಳುವುದು. ಅತ್ತೆಯನ್ನು ಕೇಳಿದರೆ, "ಆನು ಒಳಗೆ, ಅಂವ ಹೊರಗೆ. ನಡುವೆ ಗೋಡೆ" ಅಂತ ಅಷ್ಟೇ ಹೇಳ್ತಿದ್ದಳು.

ನೋಡಿ, ಅದೇ ನಿಮ್ಮ ಅದೃಷ್ಟ. ಅಷ್ಟು ವರ್ಷದ ಕೆಲಸದಲ್ಲಿ ಅವಳ ಕೈಬರಹ ಒಂದು ಸಾಲು ಇಲ್ಲ. ಎಲ್ಲ ನಿಮ್ಮ ಅಕ್ಷರ. ಮಡಿ ಅವಳನ್ನು ಒಳಗೆ ಬಿಟ್ಟಿತು, ಅದೇ ಮಡಿ ಅವಳ ಹೆಸರನ್ನು ಒಳಗೇ ಇಟ್ಟುಕೊಂಡಿತು. ನೀವು ಪುಸ್ತಕ ಎತ್ತಿಕೊಂಡು ಅಚ್ಚು ಹಾಕಿಸಲಿಕ್ಕೆ ಧಾರವಾಡಕ್ಕೆ ಹೋದಿರಿ.

ಮುನ್ನುಡಿ ಓದಲಾ? ಬೇಡವಾ? ನನಗೆ ಬಾಯಿಪಾಠ ಉಂಟು. "ತಮ್ಮ ಮನೆಯ ಓಲೆಗಳನ್ನು ನೋಡಲು ಅನುವು ಮಾಡಿಕೊಟ್ಟ ಎಲ್ಲ ಮಹನೀಯರಿಗೂ, ಹೊತ್ತು ಹೊತ್ತಿಗೆ ಉಪಚರಿಸಿದ ತಾಯಂದಿರಿಗೂ ಋಣಿ." ಉಪಚರಿಸಿದ ತಾಯಂದಿರು. ಅಂದರೆ ಮಜ್ಜಿಗೆ ನೀರು ಕೊಟ್ಟವರ ಸಾಲಿನಲ್ಲಿ ಎಲ್ಲೋ ಒಂದು ಕಡೆ ಅತ್ತೆಯೂ ಇದ್ದಾಳೆ, ಹುಡುಕಿಕೊಳ್ಳಬೇಕು.

ಪುಸ್ತಕ ನಮ್ಮ ಮನೆಗೂ ಬಂತು. ಕಳಿಸಿದ್ದು ನೀವೇ, ಅಂಚೆಯಲ್ಲಿ. ಧೈರ್ಯ ಮೆಚ್ಚಬೇಕು. ಅತ್ತೆ ಹಾಳೆ ಹಾಳೆ ಮಗುಚಿ ನೋಡಿದಳು. ಎಲ್ಲೋ ಒಂದೆರಡು ಕಡೆ "ತಪ್ಪು ಬರದ್ದ" ಅಂದಳು. ಆಮೇಲೆ ಒಯ್ದು ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯ ಮುಚ್ಚಳದ ಮೇಲೆ ಭಾರಕ್ಕೆ ಇಟ್ಟಳು. ಅಪ್ಪ ಕೂಗಾಡಿದ, ಕೋರ್ಟಿಗೆ ಹೋಗುವ ಅಂದ. ಅವಳು, "ಯಂಗೆ ಎಂತದೂ ಬ್ಯಾಡ" ಅಂತ ಹೇಳಿ ಹಿತ್ತಿಲಿಗೆ ಹೋದಳು. ಅವಳಿಗೆ ಬೇಡ ಇರಬಹುದು. ಅವಳು ದೊಡ್ಡವಳು. ನಾನು ಅಷ್ಟು ದೊಡ್ಡವಳಲ್ಲ ಮಾಸ್ತರೇ, ನನಗೆ ಬೇಕು.

ಅವಳು ತೀರಿಕೊಂಡಾಗ ಬಂದಿರಾ ನೀವು? ಇಲ್ಲ. ಕಾಗದ ಹಾಕಿದಿರಾ? ಅದೂ ಇಲ್ಲ. ಆ ವಾರವೇ ಸಿದ್ದಾಪುರದಲ್ಲಿ ನಿಮಗೆ ಸನ್ಮಾನ ಇತ್ತು, ಪೇಪರಿನಲ್ಲಿ ಫೋಟೋ ಬಂದಿತ್ತು, ತಲೆ ತಗ್ಗಿಸಿ ಹಾರ ಹಾಕಿಸಿಕೊಳ್ಳುವುದು. ತಲೆ ತಗ್ಗಿಸುವುದು ನಿಮಗೆ ಚೆನ್ನಾಗಿ ಬರ್ತದೆ. ಈಗಲೂ ಹಾಗೇ ಕೂತಿದ್ದೀರಿ. ತಲೆ ಎತ್ತಿ, ಇಲ್ಲಿ ನೋಡಿ.

ಇದು ನಮ್ಮ ಕ್ಯಾಟಲಾಗು. ಭಾನುವಾರದಿಂದ ಇದು ಲೋಕಕ್ಕೇ ಕಾಣ್ತದೆ. ಅಮೆರಿಕದಲ್ಲಿ ಕೂತವನೂ ನೋಡಬಹುದು, ಹೇರೂರಿನಲ್ಲಿ ಕೂತವನೂ ನೋಡಬಹುದು, ಕರೆಂಟ್ ಇದ್ದರೆ. ಒಂದೊಂದು ಕಟ್ಟಿಗೆ ಒಂದೊಂದು ಪುಟ. ಮನೆ, ಗ್ರಂಥ, ಗರಿ, ಅಳತೆ. ಅದರ ಕೆಳಗೆ ಒಂದು ಕಾಲಂ. ನಾನೇ ಹಟ ಹಿಡಿದು ಹಾಕಿಸಿದ್ದು. "ಓದಿದವರು." ಅದರ ಎದುರು ನಿಮ್ಮ ಹೆಸರು, ಎಲ್ಲ ಪುಟದಲ್ಲೂ. ಅದನ್ನು ತೆಗೆದು ರಾಜೀವಿ ಅಂತ ಮಾಡಲಿಕ್ಕೆ ಎಷ್ಟು ಹೊತ್ತು ಬೇಕು ಗೊತ್ತಾ? ಇಲ್ಲಿ ಹಳೆಯ ಹೆಸರು, ಇಲ್ಲಿ ಹೊಸ ಹೆಸರು, ಇದನ್ನು ಒತ್ತಿದರೆ ಎಲ್ಲ ಪುಟದಲ್ಲೂ ಒಟ್ಟಿಗೇ ಬದಲಾಗ್ತದೆ. ನಿಮ್ಮ ಚಹಾ ಆರುವಷ್ಟು ಹೊತ್ತೂ ಬೇಡ. ಅಷ್ಟು ವರ್ಷ ಬಾವಿಕಟ್ಟೆಯ ಮೇಲೆ ತಣ್ಣೀರು ಹೊಯ್ದುಕೊಂಡದ್ದಕ್ಕೆ ಒಂದು ಗುಂಡಿ ಒತ್ತುವುದು. ಅನ್ಯಾಯ ಅನ್ನಿಸ್ತದೆ, ಅಲ್ಲವಾ, ಅಷ್ಟು ಸುಲಭ ಇದ್ದರೆ.

ಒತ್ತಬಹುದಿತ್ತು ನಾನು. ಅಧ್ಯಕ್ಷರಿಗೆ ಒಂದು ಮಾತು ಕೇಳಿದೆ, ಅದೇ ನನ್ನ ಬುದ್ಧಿಗೇಡಿತನ. ಅವರು ವಕೀಲರಲ್ಲವಾ. "ಆಧಾರ ಕೊಡು ತಂಗಿ. ಮಾಸ್ತರ ಕೈಬರಹದ ಕರಡು ನಮ್ಮ ಹತ್ತಿರವೇ ಉಂಟು. ನಿನ್ನ ಅತ್ತೆಯದ್ದು ಎಂತ ಉಂಟು?" ನನ್ನ ಹತ್ತಿರ ಎಂತ ಉಂಟು? ಒಂದು ಭರಣಿ ಉಂಟು.

ಆವತ್ತೇ ತೀರ್ಮಾನ ಮಾಡಿದೆ. ಆಧಾರ ಇವರಲ್ಲೇ ಉಂಟು, ಇವರ ಬಾಯಲ್ಲೇ ಉಂಟು, ಅಲ್ಲಿಂದಲೇ ತೆಗೆಯಬೇಕು ಅಂತ. ಓದಲಿಕ್ಕೇ ಬಾರದವರು ಸೂಚಿ ಮಾಡಿದ್ದು ಹೇಗೆ? ಅಷ್ಟೇ ಪ್ರಶ್ನೆ. ಅದನ್ನು ನಾನು ಕೇಳಿದರೆ ಹೊಟ್ಟೆಕಿಚ್ಚು ಅಂತಾರೆ. ಸಭೆಯೇ ಕೇಳಬೇಕು. ಇಷ್ಟು ದೊಡ್ಡ ಪರದೆ, ಅದರ ಮೇಲೆ ಗರಿ, ಕೈಯಲ್ಲಿ ಮೈಕು, ಕಣ್ಣಿಗೆ ಕನ್ನಡಕ… ಕನ್ನಡಕ ನಾನೇ ತಂದಿರ್ತೇನೆ… ಮತ್ತೆ ನೀವು ಸುಮ್ಮನೆ ನಿಂತಿರುವುದು. ಸುಮ್ಮನೆ. ಒಂದು ನಿಮಿಷ ಸಾಕು. ಆ ಒಂದು ನಿಮಿಷ ಮುಗಿದ ಮೇಲೆ ನಾನು ಗುಂಡಿ ಒತ್ತುತ್ತೇನೆ, ಎಲ್ಲರ ಕಣ್ಣೆದುರಿಗೇ ಹೆಸರು ಬದಲಾಗ್ತದೆ. ನಿದ್ದೆ ಬಾರದಿದ್ದಾಗೆಲ್ಲ ಇದನ್ನೇ ನೋಡಿದ್ದೇನೆ ನಾನು. ನಿಮ್ಮ ಶಾಲು ಒಂದು ಬದಿಗೆ ಜಾರಿರ್ತದೆ, ಅದೂ ಕಂಡಿದೆ.

ಎಂತಕ್ಕೆ ಹಾಗೆ ಸಣ್ಣಗೆ ಉಸಿರು ಬಿಡ್ತೀರಿ? ಹೆದರಿಕೆಯಾ, ಬೇಜಾರಾ? ನನ್ನ ಮಾತು ಉದ್ದವಾಯಿತಾ? ಮನೆಯಲ್ಲೂ ಹೇಳ್ತಾರೆ, ಈ ಕೂಸಿಗೆ ಬಾಯೇ ಇಲ್ಲ ಅಂತ. ಇವತ್ತು ಕೂಡಿಟ್ಟದ್ದೆಲ್ಲ ಖರ್ಚು ಮಾಡ್ತಾ ಇದ್ದೇನೆ.

ಯಾವ ಗರಿ ಅಂತ ಕೇಳುವುದಿಲ್ಲವಾ? ಪರದೆಯ ಮೇಲೆ ಹಾಕುವುದು ಯಾವುದು ಅಂತ?

ಸುಮ್ಮನೆ ಯಾವುದೋ ಪುರಾಣದ ಗರಿ ಹಾಕಿದರೆ ನೀವು ಉರು ಹೊಡೆದು ಬರ್ತೀರಿ, ಮೊದಲ ಸಾಲು ಹೇಗೂ ನಿಮ್ಮದೇ ಪುಸ್ತಕದಲ್ಲಿ ಅಚ್ಚಾಗಿದೆ. ಅದಕ್ಕೆ ಬೇರೆಯದೇ ಆರಿಸಿದೆ. ನಿಮ್ಮ ಸೂಚಿಯಲ್ಲಿ ಇಲ್ಲದ್ದು. ನೀವು ಯಾವತ್ತೂ ಕೇಳದ್ದು. ಬಿಳಗಿಯ ಸೀತಮ್ಮನ ಮನೆ ನೆನಪಿದೆಯಾ? ಅರಮನೆಯ ಹಾಳು ಗೋಡೆಯ ಹಿಂದಿನದು. ನೀವು ಕಡೆಯದಾಗಿ ಹೋದ ಮನೆ ಅದು, ಅಲ್ಲವಾ. ನೆನಪಿದೆ. ಕಣ್ಣಿನಲ್ಲೇ ಗೊತ್ತಾಯಿತು.

ಕಳೆದ ತಿಂಗಳು ನಾನು ಮತ್ತು ಗನಿ ಅಲ್ಲಿಗೆ ಹೋಗಿದ್ದೆವು. ಸೀತಮ್ಮನಿಗೆ ಕಿವಿ ಮಂದ, ನೆನಪು ಚುರುಕು. ಕಟ್ಟು ತಂದು ಕೊಟ್ಟು, "ನೀನು ರಾಜೀವಿ ತಮ್ಮನ ಕೂಸನೇ?" ಅಂತ ಮುಖ ಹಿಡಿದು ನೋಡಿದಳು. ಆಮೇಲೆ ತಾನಾಗಿಯೇ ಹೇಳಿದಳು. ಆ ದಿನ ಓದಿ ಮುಗಿದ ಮೇಲೆ ಅತ್ತೆ ಎದ್ದು ಬರಲಿಲ್ಲವಂತೆ. ಒಳಗಿಂದಲೇ ಒಂದು ದಬ್ಬಣ ಕೇಳಿದಳಂತೆ. ಗೋಣಿಚೀಲ ಹೊಲಿಯುವ ದಬ್ಬಣ. ಕಾಗದ ಮುಟ್ಟುವ ಹಾಗಿಲ್ಲ, ಲೋಹ ತೊಳೆದರೆ ಮಡಿ. ಸೀತಮ್ಮ ತೊಳೆದು ಕೊಟ್ಟಳು. ಕಟ್ಟಿನ ಅಡಿಗೆ ಕಾಪಾಡಲಿಕ್ಕೆ ಅಂತ ಬರೆಯದ ಗರಿ ಒಂದೆರಡು ಇಡ್ತಾರಲ್ಲ, ಅದರಲ್ಲಿ ಒಂದನ್ನು ಎಳಕೊಂಡು, ಮೊಣಕಾಲ ಮೇಲೆ ಇಟ್ಟುಕೊಂಡು, ಏನೋ ಗೀಚಿದಳಂತೆ. ಎಂತ ಬರೀತೆ ಅಂತ ಕೇಳಿದರೆ ಹೇಳಲಿಲ್ಲವಂತೆ. ನೀವು ಹೊರಗೆ ಜಗುಲಿಯಲ್ಲಿ, "ಮುಗೀತಾ?" ಅಂತ ಕೂಗ್ತಾ ಇದ್ದಿರಂತೆ.

ಕಟ್ಟು ಬಿಚ್ಚಿದಾಗ ಆ ಗರಿ ಜಾರಿ ಬಿತ್ತು. ಬರೇ ಗೀರು, ಮಸಿ ಹಚ್ಚಿಲ್ಲ, ಬರಿಗಣ್ಣಿಗೆ ಖಾಲಿ ಗರಿಯ ಹಾಗೇ. ಇಲ್ಲಿ ತಂದು ಕಂಪ್ಯೂಟರಿನಲ್ಲಿ ಕಪ್ಪು ಬಿಳುಪು ಹೆಚ್ಚು ಮಾಡ್ತಾ ಮಾಡ್ತಾ ಹೋದೆ. ಮೆಲ್ಲಗೆ ಮೇಲೆ ಬಂತು. ಅಕ್ಷರ. ಸಾಲು ಸಾಲು ಅಕ್ಷರ. ಅವಳದ್ದು, ಅವಳ ಕೈಯದ್ದು, ಮಾಸ್ತರೇ.

ಎಂತ ಬರೆದಿದ್ದಾಳೆ ಅಂತಲಾ? ಹಾಗೆ ಹುಬ್ಬು ಏರಿಸಿದರೆ ನಾನು ಹೇಳಿಬಿಡ್ತೇನೆ ಅಂತ ಮಾಡಿದಿರಾ? ಪರೀಕ್ಷೆ ನಿಮ್ಮದು. ಪ್ರಶ್ನೆಪತ್ರಿಕೆ ಮಾಡಿದವರು ಉತ್ತರ ಹೇಳ್ತಾರಾ? ನನಗೆ ಗೊತ್ತುಂಟು. ಗೊತ್ತಿಲ್ಲದೆ ಸಭೆಗೆ ಹಾಕ್ತೇನಾ?

ಇರಲಿ. ಕರುಣೆ ಇಲ್ಲದವಳಲ್ಲ ನಾನು. ಭಾನುವಾರಕ್ಕೆ ಮೊದಲು ಒಮ್ಮೆ ತೋರಿಸ್ತೇನೆ, ಒಂದು ರಿಹರ್ಸಲ್. ಇಲ್ಲಿ ಯಾರೂ ಇಲ್ಲ, ನೀವು ಸುಮ್ಮನೆ ಕೂತರೆ ನೋಡಲಿಕ್ಕೆ ನಾನೊಬ್ಬಳೇ. ನನಗೂ ಒಂದು ಸಲ ಖಾಸಗಿಯಾಗಿ ನೋಡುವ ಆಸೆ. ತಗೊಳ್ಳಿ. ದೊಡ್ಡದಾಗಿ ಪ್ರಿಂಟು ಹಾಕಿಸಿದ್ದೇನೆ. ಎರಡು ಕೈಯಲ್ಲಿ ಹಿಡೀರಿ, ಮಡಚಬೇಡಿ. ಕನ್ನಡಕ ಹಾಕಿ. ಹ್ಞಾ. ಈಗ ಓದಿ.

…

ಓದಿ ಅಂದೆ.

…

ಆಯಿತಲ್ಲ. ಇದೇ. ಇಷ್ಟೇ ಬೇಕಾದದ್ದು ನನಗೆ. ಭಾನುವಾರವೂ ಹೀಗೇ, ಇದೇ ಮುಖ ಇಟ್ಟುಕೊಂಡು…

ಯಾಕೆ ತಿರುಗಿಸಿದಿರಿ?

ಬೆಳಕು ಬೀಳ್ತಾ ಇದೆಯಾ? ಕಿಟಕಿ ಹಾಕಲಾ? ಬೇಡವಾ… ಹಾಗಾದರೆ ಮೊದಲು ಹೇಗೆ ಕೊಟ್ಟೆನೋ ಹಾಗೇ ಹಿಡೀರಿ. ಇತ್ತ ಕೊಡಿ. ಈ ಅಂಚು ಮೇಲೆ. ಇದು ಮೇಲೆ, ಇದು ಕೆಳಗೆ. ಹೀಗೆ.

ಮತ್ತೆ ತಿರುಗಿಸಿದಿರಿ.

ಮಾಸ್ತರೇ, ನಾಟಕ ಬೇಡ. ಉಲ್ಟಾ ಹಿಡಿದು ನನ್ನನ್ನು ಗಲಿಬಿಲಿ ಮಾಡುವ ಉಪಾಯವಾ ಇದು? ತಿಂಗಳಿನಿಂದ ನೋಡ್ತಾ ಇದ್ದೇನೆ ಅದನ್ನು, ದಿನಾ ನೋಡ್ತೇನೆ, ಬಂದ ಕೂಡಲೇ ನೋಡ್ತೇನೆ. ಅದು ಹಾಗಲ್ಲ, ಅದು… ಉಳಿದ ಗರಿಗೆ ಪಕ್ಕದ ಗರಿ ನೋಡಿ ಮೇಲೆ ಕೆಳಗೆ ಹೊಂದಿಸಬಹುದು. ಇದು ಒಂಟಿ ಗರಿ, ಜಾರಿ ಬಿದ್ದದ್ದು. ಬಿದ್ದ ಹಾಗೇ ಎತ್ತಿ ಇಟ್ಟೆ. ಗನಿ ಲೈಟು ಹಿಡಿದ.

ಎಂತ ಮಾಡ್ತಾ ಇದ್ದೀರಿ ಬೆರಳಿನಲ್ಲಿ?

…

ಸಾಲಿನ ಕೊನೆಗೆ ಹೋಗಿ ಕೆಳಗಿನ ಸಾಲಿಗೆ ಇಳೀತು ಬೆರಳು. ಅಲ್ಲಿ ನಿಂತಿತು. ಒಂದಕ್ಷರ ಹಿಂದೆ ಬಂತು. ಮತ್ತೆ ಹೋಯಿತು. ಓದಲು ಬಾರದವರ ಬೆರಳು ಹೀಗೆ ಹಿಂದೆ ಬರುವುದಿಲ್ಲ. ತುಟಿಯೂ ಅಲ್ಲಾಡ್ತಾ ಇದೆ.

ಯಾರು ಕಲಿಸಿದರು ನಿಮಗೆ?

ಅವಳಾ?

ಹಾಗೆ ನೋಡಬೇಡಿ ನನ್ನನ್ನು. ಚೀಲದಿಂದ ಎಂತ ತೆಗೀತೀರಿ… ಕಾರ್ಡು. ಹೌದು, ಕಾರ್ಡಿನ ಮೇಲೂ ಅದೇ ಗರಿಯ ಚಿತ್ರ, ಅಲಂಕಾರಕ್ಕೆ ಅಂತ ನಾನೇ ಹಾಕಿಸಿದ್ದು. ಅದನ್ನು ಯಾಕೆ ಪ್ರಿಂಟಿನ ಪಕ್ಕ ಇಡ್ತೀರಿ… ಒಹೋ. ಕಾರ್ಡಿನಲ್ಲೂ ಹಾಗೇ ಬಂದಿದೆ. ತಲೆಕೆಳಗಾಗಿ. ಮೂರು ತಾಲೂಕಿನಲ್ಲಿ, ಎಲ್ಲರ ಮನೆಯಲ್ಲಿ. ಬಸ್‌ಸ್ಟಾಪಿನ ಗೋಡೆಯ ಮೇಲೆ.

ಈ ವಿಷಯ ಮಾತಾಡಲಿಕ್ಕಾ ನೀವು ಬಂದದ್ದು.

ಹೇಳಬಹುದಿತ್ತಲ್ಲ. ಬಂದ ಕೂಡಲೇ ಹೇಳಬಹುದಿತ್ತು. ಇಷ್ಟು ಹೊತ್ತು ನನ್ನ ಬಾಯಿಗೆ ಬಂದದ್ದೆಲ್ಲ ಕೇಳಿಕೊಂಡು, ಆರಿದ ಚಹಾ ಎದುರಿಗೆ ಇಟ್ಟುಕೊಂಡು… ಕಾರ್ಡು ಬಂದಾಗಲೇ ತಿರುಗಿಸಿ ಓದಿದಿರಿ ಅಲ್ಲವಾ. ನಿಮ್ಮ ಜಗುಲಿಯಲ್ಲಿ ಕೂತು. ನಾನು ತಿಂಗಳಿಡೀ ದಿನಾ ಎದುರಿಗೆ ಇಟ್ಟುಕೊಂಡದ್ದನ್ನು ನೀವು ಒಂದೇ ಸಲಕ್ಕೆ.

ಬೂದಿಯ ಮೇಲೆ ಬರೆದು ತೋರಿಸಿದ್ದಾಳೆ, ಅದು ಸುಳ್ಳಲ್ಲ. ತೋರಿಸಿದ್ದಾಳೆ. ನಾನೇ ಸರಿಯಾಗಿ ಕಲಿ… ಏನೂ ಹೇಳಬೇಡಿ. ಹೇಳಲಿಲ್ಲ ನೀವು, ಗೊತ್ತು.

ನಿಮ್ಮ ಮೇಲಿನ ಸಿಟ್ಟು ಕಡಿಮೆಯಾಗಲಿಲ್ಲ, ಹಾಗೆಂದುಕೊಳ್ಳಬೇಡಿ. ಓದಲಿಕ್ಕೆ ಬರ್ತಿದ್ದರೆ ಇನ್ನೂ ದೊಡ್ಡ ತಪ್ಪು. ಓದಲು ಬಾರದವನಾದರೆ ಅವಳ ಕೆಲಸ ಕದ್ದ ಅಂತ ಹೇಳಬಹುದು. ಅವಳೇ ಕೂರಿಸಿ ಕಲಿಸಿದವಳು ಅಂತಾದರೆ… ಅದಕ್ಕೆ ನನ್ನ ಹತ್ತಿರ ಶಬ್ದ ಇಲ್ಲ, ಕನ್ನಡದಲ್ಲೂ ಇಲ್ಲ, ಇಂಗ್ಲಿಷಿನಲ್ಲೂ ಇಲ್ಲ. ಭಾನುವಾರ ನೀವು ಮೈಕು ಹಿಡಿದು ಸರಾಗ ಓದಿದರೆ ಆ ಕಾಲಂನಲ್ಲಿ ನಿಮ್ಮ ಹೆಸರು ಖಾಯಂ. ಅಧ್ಯಕ್ಷರು ನನ್ನ ಕಡೆ ನೋಡ್ತಾರೆ. ಪರದೆಯ ಮೇಲೆ ಗರಿ ತಲೆಕೆಳಗಾಗಿ ನಿಂತಿದ್ದರೆ ಸಭೆ ನಗುವುದು ನನ್ನನ್ನು. ಅದೂ ನಿಮಗೆ ಗೊತ್ತುಂಟು. ನೀವು ಏನೂ ಮಾಡಬೇಕಾಗಿಲ್ಲ, ಸುಮ್ಮನೆ ಬಂದು ನಿಂತರೆ ಸಾಕು.

ಬನ್ನಿ, ಬಂದು ನಿಲ್ಲಿ. ಹೆದರುವುದಿಲ್ಲ ನಾನು.

ಎದ್ದಿರಾ? ಪ್ರಿಂಟು ಕೊಟ್ಟು ಹೋಗಿ. ಅದನ್ನು ಚೀಲಕ್ಕೆ ಹಾಕಬೇಡಿ… ಇಲ್ಲ, ಹಾಕಲಿಲ್ಲ. ಮತ್ತೆ ಮೊದಲಿನಿಂದ ಓದ್ತಾ ಇದ್ದೀರಿ. ನಿಂತುಕೊಂಡೇ. ಕಿಟಕಿಯ ಕಡೆ ತಿರುಗಿ ನನಗೆ ಮುಖ ಕಾಣದ ಹಾಗೆ.

ಎಂತ ಉಂಟು ಅದರಲ್ಲಿ? ನಿಮ್ಮ ಹೆಸರು ಉಂಟಾ? ನನ್ನದು… ಇಲ್ಲ, ನಾನು ಆವಾಗ ಹಾಸ್ಟೆಲಿನಲ್ಲಿದ್ದೆ, ನನ್ನದು ಯಾಕಿರ್ತದೆ. ಬೈದಿದ್ದಾಳಾ? ಬೈದಿದ್ದರೆ ಹೇಳಿ, ನನಗೆ ಖುಷಿಯೇ.

ಉಡುಪಿಯ ಕಡೆ ಓದುವವರು ಇದ್ದಾರಂತೆ. ಕಳಿಸಬಹುದು ನಾನು, ಇವತ್ತೇ ಮೇಲ್ ಮಾಡಬಹುದು, ಅವರು ನಾಳೆಗೆ ಕನ್ನಡದಲ್ಲಿ ಬರೆದು ಕಳಿಸ್ತಾರೆ. ಆದರೆ ಅವರು ಅವಳ ದನಿ ಕೇಳಿದವರಲ್ಲ. ಗೋಡೆಯ ಈ ಕಡೆ ಕೂತು ಅಷ್ಟು ವರ್ಷ ಅವಳ ದನಿ ಕೇಳಿದವರು ನೀವೊಬ್ಬರೇ.

ಪೂರ್ತಿ ಬೇಡ. ಮೊದಲನೇ ಸಾಲು ಸಾಕು. ಈ ಕಡೆ ತಿರುಗಿ, ಜೋರಾಗಿ ಓದಿ, ಮಾಸ್ತರೇ. ಅವಳು ಒಳಗಿಂದ ಹೇಳ್ತಿದ್ದ ಹಾಗೆ.